ಮರುಭೂಮಿಗೆ ಎರಡು ಚೀಲ ಉಸುಕು

ನಮ್ಮ ಭಾವ ಕೆಂಚವೀರಪ್ಪನವರಿಗೆ ಅರವತ್ತೆರಡು ವರ್ಷ, ಬಾಯಲ್ಲಿ ಮೂವತ್ತೆರಡು ಹಲ್ಲು. ಈ ಎರಡನೆಯ ಸಂಖ್ಯೆಯನ್ನು ಅವರು ಬಹಳ ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಎಲೆ-ಅಡಿಕೆ ಇಲ್ಲ, ತಂಬಾಕು ಇಲ್ಲ. ಬೀಗರ ಮನೆಯಲ್ಲಿ ಚಕ್ಕುಲಿ ಕೊಟ್ಟರೆ ಚಹಾದಲ್ಲಿ ಅದ್ದಿ, ಮೆತ್ತಗಾದ ಮೇಲೆ ತಿನ್ನುತ್ತಾರೆ. ವ್ರತ ಅಂತಲೋ ಆರೋಗ್ಯ ಅಂತಲೋ ತಿಳಿಯಬೇಡಿ. ಹಲ್ಲು ಅವರ ಕೆಲಸದ ಸಾಮಾನು. ಬಡಗಿಗೆ ಉಳಿ ಇದ್ದ ಹಾಗೆ.

ಭಾವ ದಾವಣಗೆರೆಯಲ್ಲಿ ಮಸ್ತಾನಸಾಬರ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಾರೆ. ಲೋಕಿಕೆರೆಯಿಂದ ಸೈಕಲ್ಲಿನಲ್ಲಿ ಬಂದು ಸೇರಿದಾಗ ಇಪ್ಪತ್ತೊಂದು ವರ್ಷ. ಆಮೇಲೆ ಸೈಕಲ್ ಹೋಯಿತು, ತಲೆಗೂದಲು ಹೋಯಿತು, ಭಟ್ಟಿಯ ಮುಂದಿನ ಅವರ ಜಾಗ ಮಾತ್ರ ಹೋಗಲಿಲ್ಲ. ಮಂಡಕ್ಕಿ ಹುರಿಯುವುದೆಂದರೆ ನಿಜಕ್ಕೂ ಮರಳು ಹುರಿಯುವುದು. ಬಾಣಲೆಯಲ್ಲಿ ಮರಳು ಕಾದು ಮುಖ ಸುಡುವ ಹಾಗಾಗಬೇಕು. ಉಪ್ಪುನೀರು ಸವರಿದ ಅಕ್ಕಿಯನ್ನು ಅದಕ್ಕೆ ಸುರಿದು ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ ಅಕ್ಕಿ ಅರಳಿ ಮೇಲೆ ಬರುತ್ತದೆ. ಜರಡಿಗೆ ಹಾಕಿ ಝಾಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಎಲ್ಲ ಮರಳೂ ಕೆಳಗೆ ಬಿತ್ತೋ ಇಲ್ಲವೋ ಎನ್ನುವುದರಲ್ಲಿ ಹುರಿಯುವವನ ಮಾನ ಇರುತ್ತದೆ. ಅದಕ್ಕೇ ಭಾವ ಪ್ರತಿದಿನ ಮೊದಲ ಒಬ್ಬೆಯ, ಅಂದರೆ ಮೊದಲ ಬಾಣಲೆ ಹುರಿದದ್ದರ, ಒಂದು ಹಿಡಿಯನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿಯುತ್ತಾರೆ. ಆಗ ಭಟ್ಟಿಯಲ್ಲಿ ಯಾರೂ ಮಾತಾಡುವಂತಿಲ್ಲ. ರುಚಿ ನೋಡುವುದಲ್ಲ ಅದು, ಕಿವಿಗೊಟ್ಟು ಕೇಳುವುದು.

ಮಂಡಿಪೇಟೆಯಲ್ಲಿ ಒಂದು ಮಾತಿದೆ: "ಕೆಂಚವೀರಪ್ಪನ ಮಂಡಕ್ಯಾಗೆ ಉಸುಕಿಲ್ಲ." ಅಂಗಡಿಯವರು ಗಿರಾಕಿಗೆ ಹೇಳುತ್ತಾರೆ, ಗಿರಾಕಿ ಹೆಂಡತಿಗೆ ಹೇಳುತ್ತಾನೆ. ನಾನು ಭಾವನ ಹೆಂಡತಿ ಉಡಚಮ್ಮನ ತಮ್ಮ ಕರಿಬಸವರಾಜ, ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕಡತ ನೋಡುತ್ತಿದ್ದೇನೆ. ನನ್ನ ಬಗ್ಗೆ ಅಂಥ ಒಂದು ಮಾತೂ ಹುಟ್ಟಲಿಲ್ಲ. ಹುಟ್ಟಿದ ಒಂದೆರಡನ್ನು ಇಲ್ಲಿ ಬರೆಯುವಂತಿಲ್ಲ.

ಮಂಡಿಪೇಟೆಯ ಕಿರಾಣಿ ವ್ಯಾಪಾರಿ ಘೇವರಚಂದ ಸೇಠರು ಭಟ್ಟಿಯ ಹಳೆಯ ಗಿರಾಕಿ. ಅವರ ಮಗಳು ಕಂಚನ್ ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲೇ. ಚಿಕ್ಕವಳಿದ್ದಾಗ ಅಪ್ಪನ ಸ್ಕೂಟರ್ ಮುಂದೆ ನಿಂತು ಭಟ್ಟಿಗೆ ಬಂದು, ಜರಡಿಯ ಮೇಲಿನ ಬಿಸಿ ಮಂಡಕ್ಕಿಯನ್ನು ಫ್ರಾಕಿನ ಮಡಿಲಿಗೆ ಹಾಕಿಸಿಕೊಂಡು ಹೋಗುತ್ತಿದ್ದಳು. ಕಳೆದ ಯುಗಾದಿ ಮುಗಿದ ವಾರ ಅದೇ ಕಂಚನ್ ಭಟ್ಟಿಗೆ ಬಂದಳು. ಅಕ್ಷಯ ತೃತೀಯಕ್ಕೆ ಅವಳ ಮದುವೆ. ಆಗುವುದು ಇಲ್ಲಲ್ಲ, ರಾಜಸ್ಥಾನದಲ್ಲಿ, ಲೂಣಿ ಹೊಳೆಯ ದಂಡೆಯಲ್ಲಿರುವ ಅವರ ಹಿರಿಯರ ಊರಿನಲ್ಲಿ.

"ಕಾಕಾ, ನನ್ನ ಮದುವಿಗೆ ನೀವು ಬಂದು ಅಲ್ಲೇ ಬಿಸಿ ಮಂಡಕ್ಕಿ ಹುರೀಬೇಕು ನೋಡ್ರಿ" ಎಂದಳು.

"ಅಷ್ಟು ದೂರ ಯಾಕವ್ವ? ಚೀಲ ಕಟ್ಟಿ ಕೊಡ್ತೀನಿ, ತಗಂಡು ಹೋಗು."

"ಮೂರು ದಿನಕ್ಕೆ ಮೆತ್ತಗಾಗಿ ಹೋಗ್ತೈತೆ. ಅದೂ ಅಲ್ದೆ ನಮ್ಮ ಅತ್ತೆ ಮನೇರು, ಮುರ್ಮುರಾ ಅಂದ್ರೆ ಅದರಾಗೆ ಉಸುಕು ಇದ್ದೇ ಇರ್ತೈತೆ ಅಂತ ನಕ್ರು. ನಾನು ಹೇಳಿಬಿಟ್ಟೀನಿ, ನಮ್ಮೂರ ಕಾಕಾ ಹುರಿದ್ರೆ ಒಂದು ಕಾಳು ಉಸುಕು ಸಿಗಲ್ಲ, ಸಿಕ್ರೆ ನನ್ನ ಕೇಳ್ರಿ ಅಂತ."

ಭಾವ ಜರಡಿ ಕೆಳಗಿಟ್ಟರು. ನಲವತ್ತೊಂದು ವರ್ಷದ ಮಾತು ಈಗ ಒಂದು ಹೆಣ್ಣುಮಗಳ ಬೆನ್ನೇರಿ ಬೇರೆ ರಾಜ್ಯಕ್ಕೆ, ಅದೂ ಬೀಗರ ಮನೆಗೆ, ಹೋಗಿಬಿಟ್ಟಿತ್ತು. ಹಿಂದೆಯೇ ಹೋಗದೆ ವಿಧಿಯಿರಲಿಲ್ಲ.

ಸೇಠರು ಧಾರಾಳಿ. ಮಕ್ಕಳಿಗೂ ರಜೆ ಇದೆ, ಮರುಭೂಮಿ ನೋಡಿದ ಹಾಗೂ ಆಗುತ್ತದೆ ಎಂದು ಇಡೀ ಮನೆಗೆ ರೈಲು ಟಿಕೆಟ್ ಮಾಡಿಸಿದರು. ಭಾವ, ಉಡಚಮ್ಮಕ್ಕ, ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಗ ರಮೇಶ, ಸೊಸೆ ನೇತ್ರಾವತಿ, ಒಂಬತ್ತು ವರ್ಷದ ಮೊಮ್ಮಗಳು ಭವ್ಯಾ, ಆರು ವರ್ಷದ ಮೊಮ್ಮಗ ಮಾರುತಿ. ಏಳನೆಯವನು ನಾನು. ಹಿಂದಿ ಬಲ್ಲವನು ಎಂಬ ಅರ್ಹತೆಯ ಮೇಲೆ ನನ್ನನ್ನು ಸೇರಿಸಿದ್ದರು. ನನ್ನ ಹಿಂದಿ ಶಾಲೆಯಲ್ಲಿ ಮೂವತ್ತೈದು ಅಂಕಕ್ಕೆ ನಿಂತದ್ದು, ಅದರಲ್ಲಿ ನಾಲ್ಕು ಮೇಷ್ಟ್ರು ಕರುಣೆಯಿಂದ ಕೊಟ್ಟದ್ದು ಎಂದು ನಾನೂ ಹೇಳಲಿಲ್ಲ. ನನ್ನ ಹೆಂಡತಿ ಬರಲಿಲ್ಲ. "ಏಪ್ರಿಲ್ ತಿಂಗಳಾಗೆ ದಾವಣಗೆರೆ ಬಿಟ್ಟು ರಾಜಸ್ಥಾನಕ್ಕೆ ಹೋಗೋದು ಅಂದ್ರೆ ಬಾಣಲೆಯಿಂದ ಒಲೆಗೆ ಬಿದ್ದಂಗೆ, ನೀವು ಹೋಗ್ರಿ" ಎಂದಳು.

ಹೊರಡುವ ದಿನ ದಾವಣಗೆರೆ ಸ್ಟೇಷನ್ನಿನಲ್ಲಿ ನಮ್ಮ ಸಾಮಾನು ನೋಡಿ ಕೂಲಿಗಳೇ ದೂರ ಸರಿದರು. ಮೂರು ಚೀಲ ಮಂಡಕ್ಕಿ ಅಕ್ಕಿ, ಕಬ್ಬಿಣದ ಬಾಣಲೆ, ಎರಡು ಜರಡಿ, ಅಕ್ಕನ ರೊಟ್ಟಿ ಬುತ್ತಿ, ಶೇಂಗಾ ಚಟ್ನಿಪುಡಿ. ಕೊನೆಗೆ ಮಸ್ತಾನಸಾಬರ ಟೆಂಪೊದಿಂದ ಇನ್ನೂ ಎರಡು ಚೀಲ ಇಳಿದವು. ರಮೇಶ ಒಂದನ್ನು ಎತ್ತಲು ಹೋಗಿ ಅಲ್ಲೇ ಕುಕ್ಕರಿಸಿದ.

"ಇದರಾಗೆ ಏನೈತಪ್ಪ?"

"ಉಸುಕು" ಎಂದರು ಭಾವ.

ನಾನು ಮಾತಾಡಿದೆ. ಮಾತಾಡಬಾರದ ಜಾಗದಲ್ಲಿ ಮೊದಲು ಮಾತಾಡುವುದು ನನ್ನ ಹುಟ್ಟುಗುಣ.

"ಭಾವ, ನಾವು ಹೊಂಟಿರೋದು ಎಲ್ಲಿಗೆ ಗೊತ್ತೈತಲ್ಲ? ಮರುಭೂಮಿಗೆ. ಅಲ್ಲಿ ಉಸುಕು ಬಿಟ್ರೆ ಬ್ಯಾರೆ ಏನೂ ಇಲ್ಲ. ಸಮುದ್ರ ನೋಡಾಕೆ ಹೋಗೋರು ಮನೆಯಿಂದ ಬಿಂದಿಗೆ ನೀರು ಹೊತ್ಕಂಡು ಹೋಗ್ತಾರೇನು?"

ಬೆಂಚಿನ ಮೇಲಿದ್ದವರು ನಕ್ಕರು. ನಕ್ಕರಲ್ಲಾ ಎಂದು ನಾನು ಇನ್ನೂ ಎರಡು ಸೇರಿಸಿದೆ. ಚಹಾ ಮಾರುವವನು ಬಂದು ಚೀಲ ಮುಟ್ಟಿ ನೋಡಿ ಹೋದ. ರಮೇಶ ಕಿವಿವರೆಗೆ ಕೆಂಪಾಗಿ, "ಅಪ್ಪಾ, ಜನ ನೋಡ್ತಾರೆ, ಬ್ಯಾಡ ಬಿಡು" ಎಂದ.

"ಇದು ಹಳೇ ಉಸುಕು. ಹರಿಹರದ ಹೊಳೇದು. ಹನ್ನೆರಡು ವರ್ಷ ಒಲೆ ಮ್ಯಾಲೆ ಪಳಗಿದ್ದು" ಎಂದರು ಭಾವ. ಯಾರಿಗೆ ಹೇಳಿದರೋ.

"ಕೆಂಚಪ್ಪ ಹೇಳೋದು ಖರೆ ಐತೆ" ಎಂದು ಮಸ್ತಾನಸಾಬರು ಬಾಯಿ ಹಾಕಿದರು. "ದೋಸೆ ಹೆಂಚು ಇದ್ದಂಗೆ ಅದು. ಹೊಸಾದು ಮಾತು ಕೇಳಲ್ಲ."

ಆದರೆ ಅಷ್ಟರಲ್ಲಿ ನಗು ಪ್ಲಾಟ್‌ಫಾರ್ಮಿನ ಆಚೆ ತುದಿಯವರೆಗೂ ಹೋಗಿತ್ತು. ಭಾವ ಯಾರೊಡನೆಯೂ ವಾದಿಸುವ ಮನುಷ್ಯನಲ್ಲ. ಎರಡು ಚೀಲಗಳನ್ನೂ ತಾವೇ ಎತ್ತಿ ಟೆಂಪೊಗೆ ವಾಪಸು ಹಾಕಿದರು. ಅದಕ್ಕೆ ಮೊದಲು ಭವ್ಯಾ ಓಡಿಹೋಗಿ ಚೀಲದ ಬಾಯಿ ಬಿಚ್ಚಿಸಿ ಒಂದು ಹಿಡಿ ತುಂಬಿಕೊಂಡಳು. ರಜೆಯಲ್ಲಿ ಬೇರೆ ಬೇರೆ ಊರಿನ ಮಣ್ಣು ತಂದು ಹಾಳೆಗೆ ಅಂಟಿಸಬೇಕೆಂದು ಅವಳ ಟೀಚರ್ ಹೇಳಿದ್ದರಂತೆ. ತುಂಬಿಕೊಂಡದ್ದು ಕಂಪಾಸ್ ಬಾಕ್ಸಿಗೆ. ಅದರೊಳಗಿದ್ದ ಕೈವಾರ, ಕೋನಮಾಪಕ ಎಲ್ಲ ಅಜ್ಜಿಯ ಸಂಚಿ ಸೇರಿದವು.

ಹರಿಹರ ದಾಟಿ ರೈಲು ಸೇತುವೆ ಮೇಲೆ ಹೋಗುವಾಗ ಮಾರುತಿ ಕಿಟಕಿಯಿಂದ ಹೊಳೆಗೆ ಒಂದು ರೂಪಾಯಿ ಎಸೆದ. ಕೆಳಗೆ ಬೇಸಿಗೆಯ ತುಂಗಭದ್ರೆ ಒಂದು ಪಕ್ಕಕ್ಕೆ ಸರಿದು ಮಲಗಿದ್ದಳು. ಉಳಿದದ್ದೆಲ್ಲ ಮರಳು, ಬಂಡೆ. ಭಾವ ಅದನ್ನೇ ನೋಡುತ್ತ ಕೈ ಮುಗಿದರು. ಮುಗಿದದ್ದು ನೀರಿಗೋ ಮರಳಿಗೋ ನಾನು ಕೇಳಲಿಲ್ಲ.

ರೈಲಿನ ಪ್ರಯಾಣದ ಬಗ್ಗೆ ಹೇಳುವಂಥದ್ದೇನಿಲ್ಲ. ಪುಣೆಯವರೆಗೆ ನಾವು ರೊಟ್ಟಿ ತಿಂದೆವು, ಅಲ್ಲಿಂದ ಮುಂದೆ ರೊಟ್ಟಿ ಗಟ್ಟಿಯಾಗಿ, ಮೊಸರಲ್ಲಿ ನೆನೆಸಿ ತಿಂದೆವು. ಭಾವ ಮೊದಲಿನಿಂದಲೂ ನೆನೆಸಿಯೇ ತಿಂದರು. ಗುಜರಾತ್ ಬರುವಷ್ಟರಲ್ಲಿ ಬಿಸಿಗಾಳಿಗೆ ಎಲ್ಲರೂ ಬಾಡಿದ ಮೆಂತ್ಯದ ಕಟ್ಟಿನಂತಾಗಿದ್ದೆವು. ಭಾವ ಮಾತ್ರ ಕಿಟಕಿ ಪಕ್ಕ ಕೂತು, "ಗಾಳಿ ಹಿತ ಐತೆ" ಎಂದು ಟವೆಲ್ ಹೊದ್ದರು. ನಲವತ್ತೊಂದು ವರ್ಷ ಒಲೆಯ ಬಾಯಿಯ ಮುಂದೆ ನಿಂತವರಿಗೆ ನಲವತ್ಮೂರು ಡಿಗ್ರಿ ಎಂದರೆ ನೆರಳು.

ಸೇಠರ ಊರು ತಲುಪಿದಾಗ ಮೊದಲು ಬೇಜಾರಾದದ್ದು ಮಕ್ಕಳಿಗೆ. ಪುಸ್ತಕದ ಚಿತ್ರದಲ್ಲಿರುವಂತೆ ಅಲೆ ಅಲೆ ಮರಳು ಇರಲಿಲ್ಲ. ಬಯಲು, ಕಲ್ಲು, ಜಾಲಿ, ನಡುವೆ ಮೊಬೈಲ್ ಟವರ್.

"ಇದೇನೋ ಬಸು, ಇಷ್ಟು ದೂರ ಬಂದು ನಮ್ಮ ಬರದ ಜಗಳೂರು ನೋಡ್ದಂಗಾಯ್ತು" ಎಂದಳು ಅಕ್ಕ.

ಒಂಟೆ ಸಿಕ್ಕಿತು. ಅದು ಗಾಡಿಗೆ ಕಟ್ಟಿಸಿಕೊಂಡು, ಮದುವೆ ಮನೆಗೆ ಬಾಡಿಗೆಗೆ ತಂದ ಎರಡು ಫ್ರಿಜ್ಜನ್ನು ಎಳೆಯುತ್ತಿತ್ತು. ಮಾರುತಿ ಮೂರು ವಾರದಿಂದ ಒಂಟೆ ಒಂಟೆ ಎಂದು ಜಪ ಮಾಡಿದವನು, ಅದು ಕತ್ತು ತಗ್ಗಿಸಿ ಉಸಿರು ಬಿಟ್ಟ ಕೂಡಲೇ ಅಮ್ಮನ ಸೆರಗಿನೊಳಗೆ ಹೋಗಿ, "ಬ್ಯಾಡ, ಅದು ಹಲ್ಲು ತಿಕ್ಕಿಲ್ಲ" ಎಂದು ಅಳತೊಡಗಿದ. ಅಜ್ಜನ ಮೊಮ್ಮಗನೇ.

ಮಕ್ಕಳ ಮುಖ ನೋಡಿ ಸೇಠರು ಸಂಜೆಯ ಮುಂದೆ ಜೀಪು ಕೊಟ್ಟು ಕಳಿಸಿದರು. ಒಂದು ಗಂಟೆ ದಾರಿ ಹೋದ ಮೇಲೆ ನಿಜವಾದ ಮರಳುಗುಡ್ಡ ಬಂತು. ಮಕ್ಕಳು ಉರುಳಿದರು, ನೇತ್ರಾವತಿ ಫೋಟೋ ತೆಗೆಸಿಕೊಂಡಳು, ನಾನು ಅರ್ಧ ಹತ್ತಿ ಏದುಸಿರು ಬಿಟ್ಟು ದೃಶ್ಯ ನೋಡುವವನಂತೆ ನಿಂತೆ. ಭಾವ ಗುಡ್ಡದ ಬುಡದಲ್ಲೇ ಕೂತು ಒಂದು ಹಿಡಿ ತೆಗೆದುಕೊಂಡರು. ಬೆರಳಲ್ಲಿ ತಿಕ್ಕಿದರು. ಊದಿದರು, ಹೊಗೆಯಂತೆ ಹಾರಿತು. ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡರು. ಆಮೇಲೆ ಬಹಳ ಹೊತ್ತು ಗುಡ್ಡವನ್ನೇ ನೋಡಿದರು.

"ಹೆಂಗೈತೆ ಭಾವ? ಎಷ್ಟು ಬೇಕಾದ್ರೂ ತಗಾರಿ, ಯಾರೂ ಕೇಳಲ್ಲ" ಎಂದೆ.

"ಇದು ಉಸುಕಲ್ಲ, ಹಿಟ್ಟು" ಎಂದರು.

ಆದರೂ ಎರಡು ಚೀಲ ತುಂಬಿಸಿಕೊಂಡು ಬಂದೆವು. ಮಾರನೆಯ ಬೆಳಿಗ್ಗೆ ಒಲೆ ಹೂಡಿ ಭಾವ ಪರೀಕ್ಷೆಗೆ ಒಂದು ಒಬ್ಬೆ ಹುರಿದರು. ಅಕ್ಕಿ ಚೆನ್ನಾಗಿಯೇ ಅರಳಿತು. ಜರಡಿಯಲ್ಲಿ ಝಾಡಿಸಿದರು. ಮತ್ತೆ ಝಾಡಿಸಿದರು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಎರಡು ಸಲ ಅಗಿದು ನಿಲ್ಲಿಸಿ, ಪಕ್ಕಕ್ಕೆ ಹೋಗಿ ಉಗಿದು ಬಂದರು.

"ಕರ್ ಅಂತೈತೆ" ಎಂದರು. "ಹೊಳೆ ಉಸುಕು ಆದ್ರೆ ದಪ್ಪ. ಉಳಿದ್ರೆ ಕಟಕ್ ಅಂತ ಒಂದು ಕಡೆ ಸಿಗ್ತೈತೆ, ಝಾಡಿಸಿ ತೆಗೀಬೋದು. ಇದು ಮಂಡಕ್ಕಿ ಹೊಟ್ಟೆ ಒಳಗೇ ಕೂತೈತೆ. ಯಾವ ಜರಡಿಗೂ ಬರಲ್ಲ."

ಮದುವೆ ಇದ್ದದ್ದು ಮರುದಿನ ಸಂಜೆ. ಬೀಗರು ಅವತ್ತು ಮಧ್ಯಾಹ್ನವೇ ಬಂದಿಳಿಯುವವರಿದ್ದರು. ಕಂಚನ್ ಕೈತುಂಬ ಮೆಹಂದಿ ಹಚ್ಚಿಕೊಂಡು, ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಬಂದು, "ಕಾಕಾ, ಆಯ್ತಾ? ಒಂದು ಬಾಯಿಗೆ ಹಾಕ್ರಿ" ಎಂದು ಬಾಯಿ ತೆರೆದಳು. ಭಾವ ಜರಡಿಯನ್ನು ಬೆನ್ನ ಹಿಂದೆ ಮಾಡಿ, "ಇನ್ನೂ ಒಲೆ ಪಳಗಿಲ್ಲ ತಾಯಿ" ಎಂದರು. ಭಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಬಿಂದಿಗೆ ನೀರು ಅಂದ್ಯಲ್ಲ, ಈಗ ಮಾತಾಡು."

ನಾನು ಒಲೆಯ ಬೂದಿ ತೆಗೆಯತೊಡಗಿದೆ. ಒಮ್ಮೊಮ್ಮೆ ನನಗೂ ತಿಳಿಯುತ್ತದೆ.

ಭಾವ ಸೇಠರ ಹತ್ತಿರ ಹೋಗಿ, "ಇಲ್ಲಿ ಹೊಳೆ ಐತೆ ಅಂದಿದ್ರಲ್ಲ, ಎಲ್ಲೈತೆ?" ಎಂದರು. ಸೇಠರಿಗೆ ಆಶ್ಚರ್ಯ. "ನಿನ್ನೆ ಜೀಪಿನಾಗೆ ದಾಟೇ ಹೋದ್ರಲ್ಲ ಕೆಂಚಪ್ಪ!" ಎಂದರು. ನಾವೆಲ್ಲ ಅದನ್ನು ಹಾಳಾದ ರಸ್ತೆ ಎಂದುಕೊಂಡಿದ್ದೆವು.

ಭಾವ, ರಮೇಶ, ಇಬ್ಬರು ಮಕ್ಕಳು, ನಾನು ಹೊಳೆಗೆ ಹೋದೆವು. ಲೂಣಿ ಮಳೆಗಾಲದಲ್ಲಿ ಕೆಲವು ದಿನ ಮಾತ್ರ ಹರಿಯುತ್ತದಂತೆ. ಉಳಿದ ದಿನ ಅದರ ಪಾತ್ರದಲ್ಲಿ ಆಡು ಮೇಯುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಅಲ್ಲಲ್ಲಿ ನೆಲದ ಮೇಲೆ ಉಪ್ಪು ಬೆಳ್ಳಗೆ ಎದ್ದಿತ್ತು.

"ಅಜ್ಜ, ಹೊಳ್ಯಾಗೆ ನೀರೇ ಇಲ್ಲ" ಎಂದ ಮಾರುತಿ, ಕೈಯಲ್ಲಿ ರೂಪಾಯಿ ಹಿಡಿದುಕೊಂಡು.

"ನೀರು ಯಾರಿಗೆ ಬೇಕಾಗೈತೋ?" ಎಂದು ಭಾವ ಪಂಚೆ ಎತ್ತಿ ಕಟ್ಟಿ ಬಿರಬಿರನೆ ನಡೆದರು. ಹೊಳೆ ಎಲ್ಲಿ ತಿರುಗುತ್ತದೆ ಎಂದು ಹುಡುಕುತ್ತಿದ್ದರು. ತಿರುವಿನ ಒಳಮಗ್ಗುಲಲ್ಲಿ ನೀರಿಗೆ ದಮ್ಮು ಕಡಿಮೆಯಾಗಿ ಹೊತ್ತು ತಂದ ದಪ್ಪ ಮರಳನ್ನು ಅಲ್ಲೇ ಬಿಟ್ಟು ಹೋಗುತ್ತದೆ ಎನ್ನುವುದು ಹರಿಹರದಲ್ಲಿ ಕಲಿತ ಪಾಠ. ಸಾವಿರ ಮೈಲಿ ದೂರದ ಹೊಳೆಯೂ ಅದೇ ಪಾಠ ಓದಿರುತ್ತದೆಂದು ಅವರಿಗೆ ಯಾರು ಹೇಳಿದ್ದರೋ. ಒಂದು ತಿರುವಿನಲ್ಲಿ ಕೂತು ಕೈಯಲ್ಲೇ ತೋಡಿದರು. ಮೇಲಿನದು ಹಿಟ್ಟು. ಅದರ ಕೆಳಗಿನದೂ ಹಿಟ್ಟು. ಮೊಣಕೈ ಮುಳುಗುವಷ್ಟು ಆಳಕ್ಕೆ ಹೋದ ಮೇಲೆ ಬೆರಳಿಗೆ ಕಾಳು ಕಾಳಾಗಿ ಏನೋ ಸಿಕ್ಕಿತು.

"ಭವ್ಯಾ, ನಿನ್ನ ಡಬ್ಬಿ ತಾ."

ಭವ್ಯಾ ಕಂಪಾಸ್ ಬಾಕ್ಸ್ ತೆರೆದಳು. ರಮೇಶ ತನ್ನ ಬಿಳಿ ಕರವಸ್ತ್ರ ಹಾಸಿದ. ಒಂದು ಕಡೆ ತುಂಗಭದ್ರೆಯ ಚಿಟಿಕೆ, ಇನ್ನೊಂದು ಕಡೆ ಲೂಣಿಯ ಚಿಟಿಕೆ. ಅಪ್ಪನನ್ನು ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನಿರಿಸಿದ ಮಗ ಈಗ ಮಾತಿಲ್ಲದೆ ಮೊಬೈಲ್ ತೆಗೆದು, ಕಾಳುಗಳ ಫೋಟೋ ಹಿಡಿದು, ಹಿಗ್ಗಿಸಿ ತೋರಿಸಿದ. ಪರದೆಯ ಮೇಲೆ ಎರಡೂ ಕಲ್ಲುಸಕ್ಕರೆಯಂತೆ ಕಂಡವು. ನಮ್ಮದು ಒಲೆಯ ಮೇಲಿದ್ದು ಕರ್ರಗಾಗಿತ್ತು, ಇದು ಕೆಂಪು. ಗಾತ್ರ ಮಾತ್ರ ಹೆಚ್ಚು ಕಡಿಮೆ ಒಂದೇ.

"ಅಜ್ಜ, ಇವು ಅಕ್ಕ-ತಂಗಿ" ಎಂದಳು ಭವ್ಯಾ.

"ತಂಗಿ ಇನ್ನೂ ಮೈ ತೊಳಕಂಡಿಲ್ಲ" ಎಂದರು ಭಾವ. ಆ ದಿನ ಮೊದಲ ಸಲ ನಕ್ಕರು.

ಅಲ್ಲಿಂದ ಊರಿಗೆ ಒಂದು ಕಿಲೋಮೀಟರು. ಜೀಪು ಬೀಗರನ್ನು ಕರೆತರಲು ಹೋಗಿತ್ತು. ಎರಡು ಚೀಲಗಳಲ್ಲಿ ಒಂದು ರಮೇಶನ ಹೆಗಲಿಗೆ, ಇನ್ನೊಂದು ನನ್ನ ಹೆಗಲಿಗೆ. ದಾವಣಗೆರೆಯಲ್ಲಿ ಪ್ಲಾಟ್‌ಫಾರ್ಮಿನಿಂದ ಬೋಗಿಗೆ ಹತ್ತು ಹೆಜ್ಜೆ, ಅದೂ ಕೂಲಿಯ ತಲೆಯ ಮೇಲೆ ಹೋಗಬೇಕಿದ್ದ ಭಾರವನ್ನು ನಾನು ಉರಿಬಿಸಿಲಲ್ಲಿ ಹೊತ್ತು ನಡೆದೆ. ದಾರಿಯಲ್ಲಿ ಆಡು ಕಾಯುವವನೊಬ್ಬ ಏನೋ ಕೇಳಿದ. ನನ್ನ ಮೂವತ್ತೈದು ಅಂಕದ ಹಿಂದಿಯಲ್ಲಿ "ರೇತ್", ಮರಳು, ಎಂದೆ. ಅವನು ಸುತ್ತ ನೋಡಿ, ನನ್ನ ಚೀಲ ನೋಡಿ, ನಗದೆ ಹೊರಟುಹೋದ. ಸಭ್ಯಸ್ಥ. ನನಗಿಂತ.

ಮರಳು ತೊಳೆಯಲು ನೀರು ಬೇಕಲ್ಲ. ಭಾವ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ಡ್ರಮ್ಮುಗಳನ್ನು ತೋರಿಸಿ ನಾಲ್ಕು ಕೊಡಿ ಎಂದರು. ಅದು ಟ್ಯಾಂಕರಿನಲ್ಲಿ ತರಿಸಿದ ಕುಡಿಯುವ ನೀರು. ಮಂಚದ ಮೇಲೆ ಕೂತಿದ್ದ ಕಂಚನ್‌ಳ ಅಜ್ಜಿ, ಎಂಬತ್ತೈದು ದಾಟಿದ ಮುದುಕಿ, ವಿಷಯ ತಿಳಿದು ಎದ್ದು ನಿಂತು ಮಾರವಾಡಿಯಲ್ಲಿ ಒಂದು ನಿಮಿಷ ಉಸಿರು ಬಿಡದೆ ಮಾತಾಡಿದಳು.

"ಏನಂತಾರವ್ವ?" ಎಂದರು ಭಾವ.

ಕಂಚನ್ ತಲೆ ಕೆರೆದುಕೊಳ್ಳಲು ಹೋಗಿ, ಮೆಹಂದಿ ನೆನಪಾಗಿ ಕೈ ಇಳಿಸಿದಳು. "ನಿಮ್ಮೂರಾಗೆ ಕುಡಿಯೋ ನೀರಾಗೆ ಮಣ್ಣಿಗೆ ಸ್ನಾನ ಮಾಡಿಸ್ತೀರಾ ಅಂತ ಕೇಳ್ತಾಳೆ."

"ಹೌದು ಅನ್ನು."

"ಬ್ಯಾಡ ಕಾಕಾ, ಅಷ್ಟು ಹೇಳಿದ್ರೆ ನಿಮ್ಮನ್ನ ಇವತ್ತೇ ರೈಲು ಹತ್ತಿಸ್ತಾಳೆ."

ಮುದುಕಿ ಮತ್ತೇನೋ ಹೇಳಿ ಕೋಲಿನಿಂದ ಹಿತ್ತಲ ಕಡೆ ತೋರಿಸಿದಳು. ಅಲ್ಲಿ ಹಳೆಯ ಬಾವಿಯಿತ್ತು. ನೀರು ಉಪ್ಪು, ಎಮ್ಮೆಯೂ ಮುಖ ತಿರುಗಿಸುತ್ತದೆ. "ಅದರಾಗೆ ಮಣ್ಣು ತೊಳಕೊಳ್ರಿ, ಮಣ್ಣು ತೊಳೆಯೋರ ತಲೆನೂ ತೊಳಕೊಳ್ರಿ ಅಂತಾಳೆ" ಎಂದಳು ಕಂಚನ್.

ನಾವು ಸಂಜೆಯವರೆಗೆ ಸೇದಿದೆವು, ತೊಳೆದೆವು, ಮಾಳಿಗೆಯ ಮೇಲೆ ಹರವಿದೆವು. ಕಾದ ಮಾಳಿಗೆಯ ಬಿಸಿಗೆ ಒಣಗಲು ಒಂದು ಗಂಟೆ ಸಾಕಾಯಿತು. ಮಾರನೆಯ ಬೆಳಿಗ್ಗೆ ಭಾವ ಅಕ್ಕಿ ಹಾಕದೆ ಬರೀ ಮರಳನ್ನೇ ಮೂರು ಗಂಟೆ ಹುರಿದರು. ನಡುವೆ ನಾಲ್ಕು ಸಲ ಜರಡಿ. ಹೊಸ ಸೊಸೆಗೆ ಮನೆಯ ಪದ್ಧತಿ ಕಲಿಸುವ ಅತ್ತೆಯಂತೆ ಬಾಣಲೆಯ ಮುಂದೆ ನಿಂತೇ ಇದ್ದರು. ಕೊನೆಗೆ ಒಂದು ಹಿಡಿ ಅಕ್ಕಿ ಹಾಕಿ, ಅರಳಿಸಿ, ಅಗಿದು, ಕಣ್ಣು ತೆರೆದು, "ಉಪ್ಪು ಜಾಸ್ತಿ" ಎಂದರು. ಉಪ್ಪು ಎಂದರಲ್ಲ, ಉಸುಕು ಎನ್ನಲಿಲ್ಲ. ಅಕ್ಕ ಈರುಳ್ಳಿ ಹೆಚ್ಚಲು ಕೂತಳು. ಬಾವಿಯ ಉಪ್ಪು ಮರಳಿಗೆ ಹತ್ತಿತ್ತು. ಅಕ್ಕಿಗೆ ಸವರುವ ಉಪ್ಪುನೀರು ಅರ್ಧ ಮಾಡಿದರು, ಸರಿಹೋಯಿತು.

ಸಂಜೆ ಮದುವೆಯಲ್ಲಿ ತಿಂಡಿ ಅಂಗಡಿಗಳ ಸಾಲಿನಲ್ಲಿ ನಮ್ಮದೂ ಒಂದು. ಭಾವ ಹುರಿಯುತ್ತಿದ್ದರು. ಅಕ್ಕ ಈರುಳ್ಳಿ, ಖಾರ, ಎಣ್ಣೆ, ಶೇಂಗಾ ಹಾಕಿ ಕಲಸುತ್ತಿದ್ದಳು. ನೇತ್ರಾವತಿ ಮಿರ್ಚಿ ಕರಿಯುತ್ತಿದ್ದಳು. ನಾನು ತಟ್ಟೆ ಕೊಡುತ್ತಿದ್ದೆ. ವರನ ಸೋದರಮಾವ, ಗಿರಿಜಾ ಮೀಸೆಯ ಎತ್ತರದ ಮನುಷ್ಯ, ನೇರವಾಗಿ ನಮ್ಮಲ್ಲಿಗೇ ಬಂದ. ಹಿಂದೆ ಹತ್ತು ಜನ. ಕಂಚನ್ ಹಾಕಿದ ಸವಾಲು ಎಲ್ಲರಿಗೂ ಗೊತ್ತಿತ್ತು. ಅವನು ಒಂದು ಬೊಗಸೆ ಬಾಯಿಗೆ ಸುರಿದುಕೊಂಡು, ಆಕಾಶ ನೋಡುತ್ತ, ಬೇಕೆಂದೇ ಜೋರಾಗಿ ಅಗಿದ. ಭಾವ ಅವನ ಮುಖ ನೋಡಲಿಲ್ಲ, ದವಡೆ ನೋಡಿದರು. ಅಗಿದು ಮುಗಿಸಿ ಆ ಮನುಷ್ಯ ಖಾಲಿ ತಟ್ಟೆಯನ್ನು ನನ್ನ ಮುಂದೆ ಹಿಡಿದ. ಮತ್ತೊಂದು ಬೇಕಂತೆ.

ಅಷ್ಟೇ. ಚಪ್ಪಾಳೆ ಗಿಪ್ಪಾಳೆ ಏನೂ ಇಲ್ಲ. ಆದರೆ ಅವನ ಹಿಂದಿನ ಹತ್ತು ಜನವೂ ತಟ್ಟೆ ಹಿಡಿದರು, ಆಮೇಲೆ ಸಾಲು ನಿಂತಿತು. ದೂರದಲ್ಲಿ ಮುಖ ಮುಚ್ಚಿದ ಘೂಂಘಟದೊಳಗಿನಿಂದ ಕಂಚನ್ ಕೈ ಎತ್ತಿ, ಹೆಬ್ಬೆರಳು ತೋರಿಸಿದಳು. ಮೂರು ಹಲ್ಲು ಉಳಿದ ಅವಳ ಅಜ್ಜಿಯೂ ಒಂದು ತಟ್ಟೆ ತರಿಸಿಕೊಂಡು ದವಡೆಯಲ್ಲಿ ಹೊರಳಿಸುತ್ತ ಕೂತಳು.

ಅಕ್ಕಿ ಮುಗಿಯುತ್ತ ಬಂತು. ಕೊನೆಯ ಒಬ್ಬೆ ಜರಡಿಯಿಂದ ಇಳಿದಾಗ ನಾನು ಹಸಿದಿದ್ದೆ, ಕಲಸುವವರೆಗೂ ಕಾಯದೆ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.

ಕಟಕ್.

ಬಲಗಡೆಯ ದವಡೆಯಲ್ಲಿ, ಒಂದೇ ಒಂದು. ಸುತ್ತ ಡೋಲು, ಹಾಡು, ಜನರೇಟರ್ ಸದ್ದು. ಆದರೂ ಭಾವ ಬಾಣಲೆಯಿಂದ ತಲೆಯೆತ್ತಿ ನನ್ನ ಮುಖ ನೋಡಿದರು. ವರನ ಸೋದರಮಾವ ಎರಡು ಮಾರು ದೂರದಲ್ಲಿ ನಾಲ್ಕನೆಯ ತಟ್ಟೆಗೆ ನಿಂತಿದ್ದ. ನಾನು ಉಗಿಯಲಿಲ್ಲ. ಕಲ್ಲು, ಮಂಡಕ್ಕಿ, ಹಲ್ಲಿನ ಚೂರು ಏನಿತ್ತೋ ಎಲ್ಲವನ್ನೂ ನುಂಗಿದೆ.

"ಏನಾಯ್ತು?" ಎಂದರು ಭಾವ.

"ಏನಿಲ್ಲ ಭಾವ, ಶೇಂಗಾ."

"ಅದಕ್ಕಿನ್ನೂ ಶೇಂಗಾ ಹಾಕಿಲ್ಲ."

ನಾನು ಕೆಮ್ಮುತ್ತ ನೀರು ಕುಡಿಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವರು ಆ ಒಬ್ಬೆಯನ್ನು ಪೂರ್ತಿ ಪಕ್ಕಕ್ಕೆ ಸುರಿದು, ಉಳಿದ ಕೊನೆಯ ಅಕ್ಕಿಯನ್ನು ಬಾಣಲೆಗೆ ಹಾಕಿದ್ದರು.

ಮೂರು ದಿನ ಅವರು ಆ ಮಾತು ಎತ್ತಲಿಲ್ಲ. ಸೇಠರು ಎಲ್ಲರಿಗೂ ಬಟ್ಟೆ ಕೊಟ್ಟರು, ಮಾರುತಿ ಕೊನೆಗೂ ಒಂಟೆಯ ಮೇಲೆ ಕೂತ, ಮೂಗು ಹಿಡಿದುಕೊಂಡು. ವಾಪಸು ರೈಲಿನಲ್ಲಿ ಹಾವೇರಿ ದಾಟಿದ ಮೇಲೆ, ಹಾಡುಹಗಲು, ಎಲ್ಲರೂ ತೂಕಡಿಸುವಾಗ ಭಾವ ಎದುರಿನ ಸೀಟಿನಿಂದ ಮುಂದಕ್ಕೆ ಬಾಗಿದರು.

"ಬಸು, ಅವತ್ತು ಸಿಕ್ತಲ್ಲ, ಅದು ಕರ್ ಅಂತೋ, ಕಟಕ್ ಅಂತೋ?"

ಅವರು ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಕರ್ ಎಂದಿದ್ದರೆ ಅದು ಮರಳುಗುಡ್ಡದ ಹಿಟ್ಟು. ಪರೀಕ್ಷೆಯ ದಿನ ಜರಡಿಯ ಸಂದಿಯಲ್ಲಿ ಉಳಿದದ್ದು, ಗಾಳಿಗೆ ಹಾರಿ ಬಂದದ್ದು, ಅವರ ಕೈ ಮೀರಿದ್ದು. ಕಟಕ್ ಎಂದಿದ್ದರೆ ಹೊಳೆಯದು. ಅವರೇ ಆರಿಸಿ, ತೊಳೆದು, ಹುರಿದು, ಝಾಡಿಸಿದ್ದು. ಆಗ ಮಂಡಿಪೇಟೆಯ ಆ ಮಾತು ಮುಗಿದ ಹಾಗೆ. ಬೇರೆ ಯಾರಿಗೂ ಗೊತ್ತಾಗದಿದ್ದರೂ ಅವರೊಬ್ಬರ ಮಟ್ಟಿಗೆ ಮುಗಿದ ಹಾಗೆ.

"ಕರ್ ಅಂತು ಭಾವ" ಎಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಸೀಟಿನ ಕೆಳಗಿನಿಂದ ಜರಡಿ ತೆಗೆದು, ಹಳೆಯ ಪೇಪರಿನ ಮೇಲೆ ಬೋರಲು ಹಾಕಿ ಎರಡು ಸಲ ತಟ್ಟಿದರು. ಚೌಕಟ್ಟಿನ ಸಂದಿಯಿಂದ ಒಂದಿಷ್ಟು ನಯವಾದ ಹಳದಿ ಹುಡಿ ಉದುರಿತು.

"ಗುಡ್ಡದ್ದು" ಎಂದರು.

"ಗುಡ್ಡದ್ದೇ" ಎಂದೆ.

ಭವ್ಯಾ ಎದ್ದು ಆ ಹುಡಿಯನ್ನು ಕಂಪಾಸ್ ಬಾಕ್ಸಿನ ಇನ್ನೊಂದು ಮೂಲೆಗೆ ತುಂಬಿಕೊಂಡಳು. ಭಾವ ಟವೆಲ್ ಹೊದ್ದು ಹರಿಹರದ ಸೇತುವೆ ಬರುವವರೆಗೂ ಗೊರಕೆ ಹೊಡೆದರು.

ಆ ಮಾತು ಈಗಲೂ ಮಂಡಿಪೇಟೆಯಲ್ಲಿ ಚಾಲ್ತಿಯಲ್ಲಿದೆ. ನನ್ನ ಬಲದವಡೆಯ ಹಲ್ಲಿನ ಒಂದು ಮೂಲೆ ಹಾರಿಹೋಗಿದ್ದು, ತಣ್ಣೀರು ಕುಡಿದರೆ ಝುಂ ಎನ್ನುತ್ತದೆ. ಹೇಗಾಯಿತು ಎಂದು ಹಲ್ಲಿನ ಡಾಕ್ಟರು ಕೇಳಿದಾಗ, ಅಕ್ಕನ ಮನೆಯ ರೊಟ್ಟಿ ಎಂದು ಹೇಳಿದ್ದೇನೆ.